ಮೂರು ವರ್ಷದ ವಾರಂಟಿ

ಬಾವಿಯಲ್ಲಿ ನೀರಿದೆಯೇ ಎಂದು ಕೇಳಿದ್ದಕ್ಕೆ ಪಕ್ಕದ ಮನೆಯ ಹೆಂಗಸು "ಇತ್ತ್" ಎಂದರು. ನಾನು ಕೊಡ ಕೆಳಗಿಟ್ಟು ಕಟ್ಟೆಯ ಮೇಲೆ ಕೂತುಬಿಟ್ಟೆ. ನಮ್ಮ ರೋಣದ ಕಡೆ ಇತ್ತು ಎಂದರೆ ಮೊದಲು ಇತ್ತು, ಈಗ ಇಲ್ಲ ಎಂದರ್ಥ. ಮೈಲು ದೂರ ನಡೆದು ಕೆರೆಯ ನೀರು ಹೊತ್ತು ಬೆಳೆದವಳು ನಾನು. ಮದುವೆಯಾಗಿ, ಮೂರು ಬಸ್ಸು ಬದಲಿಸಿ, ಘಟ್ಟ ಇಳಿದು ಬಂದಿದ್ದೆ. ಬಂದ ಊರಲ್ಲೂ ಇದೇ ಹಣೆಬರಹವೇ ಎಂದು ಕಣ್ಣಲ್ಲಿ ನೀರು ಬಂತು.

"ಎಂತಾಯ್ತ್ ಮಾರಾಯ್ತಿ? ಬನ್ನಿ ಇಲ್ಲ್, ಕಾಣಿ" ಎಂದು ಆ ಹೆಂಗಸು ನನ್ನ ಕೈಹಿಡಿದು ಬಾವಿಯೊಳಗೆ ಬಗ್ಗಿಸಿದರು. ಎರಡು ಮಾರು ಕೆಳಗೆ ನೀರು ತುಂಬಿ ನಿಂತಿತ್ತು. ಆಕಾಶ ಕಾಣುತ್ತಿತ್ತು, ನಮ್ಮಿಬ್ಬರ ಮುಖ ಕಾಣುತ್ತಿತ್ತು. ಕುಂದಾಪುರದ ಮಾತಿನಲ್ಲಿ 'ಇತ್ತ್' ಎಂದರೆ 'ಇದೆ' ಎಂದು ಗೊತ್ತಾಗಲು ನನಗೆ ಇನ್ನೂ ಎರಡು ದಿನ ಬೇಕಾಯಿತು. ಅದು ೧೯೯೮. ಆ ಹೆಂಗಸು ಜಲಜಕ್ಕ. ಬೆಳಗಾದರೆ ಗಂಗೊಳ್ಳಿ ಬಂದರಿಗೆ ಹೋಗಿ ಮೀನು ತಂದು, ಕುಂದಾಪುರದ ಮಾರುಕಟ್ಟೆಯಲ್ಲಿ ಕೂತು ಮಾರುವವರು. ಗಂಡ ಕಡಲಿಗೆ ಹೋದವರು ತಿರುಗಿ ಬಂದಿರಲಿಲ್ಲ.

ನನ್ನ ಗಂಡ ಚನ್ನಬಸಪ್ಪ ಟೈಪಿಸ್ಟ್. ಮದುವೆಗೆ ಮೊದಲೇ ಎರಡು ವರ್ಷ ಬೈಂದೂರಿನಲ್ಲಿ ಒಬ್ಬ ಪತ್ರ ಬರೆಯುವವರ ಹತ್ತಿರ ಕೆಲಸ ಮಾಡಿ, ಆಮೇಲೆ ಕುಂದಾಪುರದ ಒಬ್ಬ ವಕೀಲರ ಕಚೇರಿಗೆ ಬಂದಿದ್ದರು. ಅರ್ಜಿ, ಕರಾರು, ಪಾಲುಪಟ್ಟಿ, ಎಲ್ಲವೂ ಅವರ ಬೆರಳಿನಿಂದ ಹೊರಬರುತ್ತಿದ್ದವು. ಮಾತು ಕಡಿಮೆ. ಮಾತಾಡಿದರೂ ನಮ್ಮ ಕಡೆಯ ಮಾತೇ. ಅಷ್ಟು ವರ್ಷ ಇದ್ದರೂ ಅವರ ಬಾಯಿಗೆ ಇಲ್ಲಿನ ಭಾಷೆ ಹತ್ತಲಿಲ್ಲ. ನನಗೆ ಮಾತ್ರ ಬಾವಿಕಟ್ಟೆಯಲ್ಲಿ, ಬಸ್ಸಿನಲ್ಲಿ, ಅಂಗಡಿಯಲ್ಲಿ ಅದು ತಾನಾಗಿ ಬಂತು.

ಊರಿನವರು ನನ್ನನ್ನು ಯಾವಾಗಲೂ ಕೇಳುವುದು, ಅಲ್ಲಿ ಏನು ತಿಂದು ಬದುಕಿದಿ ಎಂದು. ಮೊದಲ ವರ್ಷ ನಿಜವಾಗಿಯೂ ಕಷ್ಟವಿತ್ತು. ಇಲ್ಲಿಯದು ಕುಚ್ಚಲಕ್ಕಿ. ಭತ್ತವನ್ನು ಬೇಯಿಸಿ ಒಣಗಿಸಿ ಮಾಡಿದ ದಪ್ಪ ಕೆಂಪಕ್ಕಿ. ಅದರ ಗಂಜಿ ಇಲ್ಲಿನವರಿಗೆ ಅಮೃತ, ನನಗೆ ಕಾಯಿಲೆಯವರ ಊಟ. ನನ್ನ ಭಾವ ಸಂಗಪ್ಪ, ಅಂದರೆ ಇವರ ಅಣ್ಣ, ಊರಿನಿಂದ ಚೀಲದಲ್ಲಿ ಜೋಳ ಕಳಿಸುತ್ತಿದ್ದರು. ನಮ್ಮಲ್ಲಿ ಎರಡು ವರ್ಷ ನೆಲದೊಳಗಿನ ಹಗೇವಿನಲ್ಲಿ ಕೆಡದೆ ಇರುವ ಜೋಳ ಇಲ್ಲಿ ಎರಡೇ ತಿಂಗಳಿಗೆ ಹುಳ ಹಿಡಿಯಿತು. ತವರಿನಿಂದ ತಂದ ಕಬ್ಬಿಣದ ಟ್ರಂಕಿಗೆ ಮೊದಲ ಮಳೆಗಾಲದಲ್ಲೇ ತುಕ್ಕು ಬಂತು. ಕತ್ತರಿ, ಸೂಜಿ, ಬಾಗಿಲ ಚಿಲಕ, ಯಾವುದನ್ನೂ ಕಡಲ ಗಾಳಿ ಬಿಡಲಿಲ್ಲ. ಮಧ್ಯಾಹ್ನ ಓಣಿಯ ಎಲ್ಲ ಮನೆಗಳಲ್ಲೂ ಮೀನು ಬೇಯುವಾಗ ನಾನು ಕಿಟಕಿ ಮುಚ್ಚಿ ಕೂರುತ್ತಿದ್ದೆ. ಯಾವ ವರ್ಷದಿಂದ ಮುಚ್ಚುವುದನ್ನು ಬಿಟ್ಟೆನೋ ನೆನಪಿಲ್ಲ.

ಒಂದು ದಿನ ಜಲಜಕ್ಕ ಹಿತ್ತಲಿನಿಂದಲೇ ಕೂಗಿದರು. "ಹ್ವಾಯ್ ನೀಲಮ್ಮ, ನಿಮ್ ರೊಟ್ಟಿ ಬಡುದ್ ನಮ್ಮನಿ ತನಕ ಕೇಂತ್. ಒಂದ್ ಕೊಡಿ ಕಾಂಬ." ಕೊಟ್ಟೆ. ಅಗಿದು ಅಗಿದು, "ಹಲ್ಲಿಗ್ ಒಳ್ಳೆ ಕೆಲ್ಸ" ಎಂದು ನಕ್ಕರು. ಈ ಊರಿನಲ್ಲಿ ನನ್ನ ಮೊದಲ ಗೆಳೆತನ ಅದು.

ಹೀಗೆ ಹನ್ನೊಂದು ವರ್ಷ ಕಳೆಯಿತು. ನಮಗೆ ಮಕ್ಕಳಾಗಲಿಲ್ಲ. ಆ ದುಃಖವನ್ನೂ ಇಬ್ಬರೂ ಹೆಚ್ಚು ಮಾತಾಡದೆ ನುಂಗಿದೆವು. ಆಮೇಲೆ ಇವರ ಕಾಲು ಬಾತುಕೊಳ್ಳತೊಡಗಿತು. ಮುಖ ಊದಿತು. ಡಾಕ್ಟರು ಪರೀಕ್ಷೆ ಮಾಡಿಸಿ, ಎರಡೂ ಕಿಡ್ನಿ ಹೋಗಿವೆ ಎಂದರು. ವಾರಕ್ಕೆ ಎರಡು ದಿನ ಉಡುಪಿ ಕಡೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಮೈಯ ರಕ್ತವನ್ನೆಲ್ಲ ಯಂತ್ರಕ್ಕೆ ಬಿಟ್ಟು ತೊಳೆದು ವಾಪಸ್ ತುಂಬುವುದು. ಬೆಳಿಗ್ಗೆ ಬಸ್ಸು ಹತ್ತಿದರೆ ಕುಂಭಾಶಿ, ಸಾಲಿಗ್ರಾಮ, ಸಾಸ್ತಾನ, ಬ್ರಹ್ಮಾವರ. ಆ ನಿಲ್ದಾಣಗಳು ನನಗೆ ಬಾಯಿಪಾಠವಾದವು. ಹೋಗುವಾಗ ಇವರು ಕಿಟಕಿ ಪಕ್ಕ ಕೂತು ಹೊರಗೆ ನೋಡುತ್ತಿದ್ದರು. ಬರುವಾಗ ನನ್ನ ಹೆಗಲ ಮೇಲೆ ತಲೆಯಿಟ್ಟಿರುತ್ತಿದ್ದರು.

ದಿನವೂ ಕಚೇರಿಗೆ ಹೋಗುವುದು ಆಗಲಿಲ್ಲ. ವಕೀಲರು ಒಳ್ಳೆಯವರು. "ಚನ್ನಬಸಪ್ಪ, ಒಂದು ಲ್ಯಾಪ್‌ಟಾಪ್ ತಗೊಳ್ಳಿ. ಮನೆಯಲ್ಲೇ ಕೂತು ಮಾಡಿ, ಪೆನ್ ಡ್ರೈವಿನಲ್ಲಿ ಕಳಿಸಿ" ಎಂದರು. ಮಲಗಿದಲ್ಲೇ ತೊಡೆಯ ಮೇಲೆ ಇಟ್ಟುಕೊಂಡು ಮಾಡಬಹುದು, ಕರೆಂಟು ಹೋದರೂ ನಡೆಯುತ್ತದೆ. ಸಾಲಿಗ್ರಾಮದ ಕಡೆಯ ಸುಧಾಕರ ಎಂಬವರ ಅಂಗಡಿ ಕುಂದಾಪುರದ ಮುಖ್ಯರಸ್ತೆಯಲ್ಲಿತ್ತು. ಇಬ್ಬರೂ ಹೋಗಿ ಒಂದನ್ನು ಆರಿಸಿದೆವು. ಬಿಲ್ಲು ಇವರ ಹೆಸರಿಗೆ ಬರೆದಾದ ಮೇಲೆ ಸುಧಾಕರ ಇನ್ನೊಂದು ಕಾಗದ ತೆಗೆದರು.

"ಕಂಪನಿದ್ ಒಂದ್ ವರ್ಷ ವಾರಂಟಿ ಇತ್ತ್. ಅದ್ರ್ ಮೇಲೆ ಇನ್ನೆರಡ್ ವರ್ಷ ಬೇಕಾರೆ ಬೇರೆ ದುಡ್ ಕೊಡ್ಕ್. ಎಂತ ಹಾಳಾರೂ ಉಡುಪಿ ಸರ್ವಿಸ್ ಸೆಂಟರಲ್ಲ್ ಸರಿ ಮಾಡಿ ಕೊಡ್ತ್ರ್. ಕಡ್ಲ ಗಾಳಿ ಅಲ್ದಾ, ಇಲ್ಲ್ ಎಂತದೂ ಬಾಳ್ಕಿ ಬತ್ತಿಲ್ಲೆ. ತಕಂಡ್ರೆ ಒಳ್ಳೇದ್."

ಇವರು ಲ್ಯಾಪ್‌ಟಾಪಿನ ಮೇಲೆ ಕೈಯಾಡಿಸುತ್ತಾ, ತಲೆ ಎತ್ತದೆ ಹೇಳಿದರು. "ಒಂದು ವರ್ಷದ್ದು ಐತಲ್ಲ. ನನಗ ಅಷ್ಟು ಸಾಕು."

ಸುಧಾಕರರಿಗೆ ಇವರ ಕಾಯಿಲೆ ಗೊತ್ತಿತ್ತು. ಆ ಕಾಗದವನ್ನು ಮಡಚಿ ಚೀಲದೊಳಗೆ ಹಾಕಿ, "ಹದಿನೈದ್ ದಿನದೊಳಗೆ ಹೇಳಿರೂ ಆತ್ತ್" ಎಂದು ಮೆಲ್ಲಗೆ ಅಂದರು.

ಆ ಹದಿನೈದು ದಿನ ನಾವು ಬದುಕಿನಲ್ಲಿ ಎಂದೂ ಆಡದಷ್ಟು ಜಗಳ ಆಡಿದೆವು. ಹೊರಗಿನವರು ಕೇಳಿದ್ದರೆ ಒಂದು ಯಂತ್ರದ ಬಗ್ಗೆ ಇಷ್ಟು ಜಗಳವೇ ಎಂದು ನಗುತ್ತಿದ್ದರು.

"ಮೂರು ವರ್ಷದ್ದ ತಗೊಳ್ಳೋಣ್ರಿ" ಎಂದೆ.

"ಯಾರಿಗೆ?" ಎಂದರು.

ಒಂದು ವರ್ಷ ಸಾಕು ಎಂದು ಒಪ್ಪಿದರೆ ಅವರ ಸಾವಿಗೆ ನಾನೇ ತಾರೀಕು ಗೊತ್ತು ಮಾಡಿದ ಹಾಗೆ. ಮೂರು ವರ್ಷ ಬೇಕೇ ಬೇಕು ಎಂದರೆ, ಅವರಾದ ಮೇಲೆ ನನಗಿರಲಿ ಎಂದ ಹಾಗೆ. ಯಾವುದನ್ನು ಬಾಯಿಬಿಟ್ಟು ಹೇಳಿದರೂ ಅದರೊಳಗೆ ಅದೇ ಮಾತಿತ್ತು.

ಭಾವ ಫೋನು ಮಾಡಿದಾಗ ನಾನು ಅವರಿಗೂ ಹೇಳಿದೆ. ಅವರ ಚಿಂತೆಯೇ ಬೇರೆ. "ಏನು ತಂಗಿ, ಅದು ಕೆಟ್ಟರ ಉಡುಪ್ಯಾಗ ಅಷ್ಟ ರಿಪೇರಿ ಮಾಡ್ತಾರಂತಿ. ಅಂದ್ರ ನೀವು ಊರಿಗೆ ಬರಾಂಗಿಲ್ಲೇನು? ಹುಬ್ಬಳ್ಳ್ಯಾಗ ಆಸ್ಪತ್ರಿ ಇಲ್ಲೇನು? ನಾನು ಸತ್ತೀನೇನು?" ತಮ್ಮನನ್ನು ಹೆಗಲ ಮೇಲೆ ಹೊತ್ತು ಸಾಕಿದ ಅಣ್ಣ. ಫೋನನ್ನು ಇವರ ಕೈಗೆ ಕೊಟ್ಟೆ. ಇವರು ಬಹಳ ಹೊತ್ತು ಕೇಳಿಸಿಕೊಂಡು, "ಇಲ್ಲಿ ಕೆಲಸ ಐತಿ ಅಣ್ಣಾ. ಅಲ್ಲಿ ಬಂದ್ರ ನಾನು ಬರೇ ರೋಗಿ ಆಕ್ಕೀನಿ" ಎಂದು ಫೋನಿಟ್ಟರು. ಊರಿಗೆ ಹೋಗುವುದಿಲ್ಲ ಎಂದು ಅವರು ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ.

ಜಲಜಕ್ಕನ ಹತ್ತಿರ ಬಾವಿಕಟ್ಟೆಯಲ್ಲಿ ಹೇಳಿಕೊಂಡೆ. ಅವರು ಬುಟ್ಟಿ ತೊಳೆಯುತ್ತಿದ್ದರು. ಕೈ ನಿಲ್ಲಿಸದೆ ಹೇಳಿದರು. "ಆ ಮಿಶನ್ ಅವ್ರಿಗ್ ಮಾತ್ರವಾ? ನೀವೂ ಕಲ್ತ್ಕಣಿ. ನಂಗೆ ಮೀನ್ ಮಾರೂಕೆ ಯಾರ್ ಹೇಳ್ಕೊಟ್ಟದ್? ನಮ್ಮವ್ರ್ ಹೋದ್ ಮೇಲೆ ಅಳ್ತಾ ಅಳ್ತಾ ಕಲ್ತದ್. ನೀವ್ ಅವ್ರ್ ಇಪ್ಪಾಗ್ಳೇ ಕಲೀರಿ. ಹೇಳ್ಕೊಡೂಕೆ ಜನ ಇತ್ತಲೆ."

ನನಗೆ ಸಿಟ್ಟು ಬಂತು. ನನ್ನ ಗಂಡ ಇನ್ನೂ ಒಳಗೆ ಉಸಿರಾಡುತ್ತಿರುವಾಗ ಇಂಥ ಮಾತೇ ಎಂದು ಕೊಡ ಎತ್ತಿಕೊಂಡು ಬಂದುಬಿಟ್ಟೆ. ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಬಸ್ಸಿನಲ್ಲಿ, ಬ್ರಹ್ಮಾವರ ದಾಟಿದ ಮೇಲೆ, ಇವರಿಗೆ ಹೇಳಿದೆ. "ನನಗ ಟೈಪಿಂಗ್ ಕಲಿಸ್ರಿ. ಮೂರು ವರ್ಷದ ವಾರಂಟಿ ತಗೊಳ್ಳೋಣ. ನಿಮಗೂ ನನಗೂ ಕೂಡಿ ಮೂರು ವರ್ಷ."

ಅವರು ಕಿಟಕಿಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದರು. "ನಿನ್ನ ಬೆರಳು ದಪ್ಪ ಅದಾವ" ಎಂದರು. ಅಷ್ಟೇ. ಅದು ಒಪ್ಪಿಗೆ. ಮರುದಿನವೇ ಸುಧಾಕರರ ಅಂಗಡಿಗೆ ಹೋಗಿ ಸಹಿ ಹಾಕಿದರು. ನನ್ನ ಹೆಸರಿಗೆ ಮಾಡಿಸೋಣ ಎಂದರು. ನಾನು ಬಿಡಲಿಲ್ಲ. ಅವರ ಹೆಸರಿನಲ್ಲೇ ಇರಲಿ ಎಂದೆ. ಹೆಸರು ಕಾಗದದ ಮೇಲಿದ್ದರೆ ಮನುಷ್ಯನೂ ಅಷ್ಟು ದಿನ ಇರುತ್ತಾನೆ ಎಂಬ ಹುಚ್ಚು ನಂಬಿಕೆ.

ಡಯಾಲಿಸಿಸ್ ಇಲ್ಲದ ದಿನ ಬೆಳಿಗ್ಗೆ ಪಾಠ. ಅವರು ಗೋಡೆಗೊರಗಿ ಮಂಚದ ಮೇಲೆ, ನಾನು ಕೆಳಗೆ ಲ್ಯಾಪ್‌ಟಾಪ್ ಇಟ್ಟ ಮಣೆಯ ಮುಂದೆ. ಏಳನೇ ತರಗತಿಯವರೆಗೆ ಓದಿದವಳು ನಾನು. ಕನ್ನಡದ ಅಕ್ಷರಗಳು ಇಂಗ್ಲಿಷ್ ಕೀಲಿಗಳಲ್ಲಿ ಅಡಗಿರುವುದನ್ನು ಒಂದೊಂದಾಗಿ ಹುಡುಕಿದೆ. ಒತ್ತಕ್ಷರ ಬರದೆ ಅತ್ತೆ. ಆಗ ಅವರು ನನಗೆಂದೇ ಸಾಲುಗಳನ್ನು ಟೈಪ್ ಮಾಡಿ ಇಡತೊಡಗಿದರು. ದಿನಕ್ಕೆ ನಾಲ್ಕೈದು. ನಾನು ಅವನ್ನು ನೋಡಿ ಹತ್ತು ಹತ್ತು ಸಲ ಹೊಡೆಯಬೇಕು.

"ಬೈಂದೂರಿನ ಮೊದಲ ಮಳೆಗೆ ಹೆದರಿ ಮಂಚದ ಕೆಳಗೆ ಪೆಟ್ಟಿಗೆ ಸರಿಸಿದ್ದೆ." "ಅಪ್ಪನ ಹೊಲದ ಬದುವಿನಲ್ಲಿ ಎರಡು ಬನ್ನಿ ಗಿಡಗಳಿದ್ದವು." "ಅಣ್ಣ ಆ ಬಿಳಿ ಎತ್ತನ್ನು ಮಾರಿದ ದಿನ ಊಟ ಮಾಡಲಿಲ್ಲ." "ನೀಲಮ್ಮನಿಗೆ ಸಿಟ್ಟು ಬಂದರೆ ಸಾರಿಗೆ ಉಪ್ಪು ಹೆಚ್ಚು."

ಹನ್ನೆರಡು ವರ್ಷದಲ್ಲಿ ನನಗೆ ಹೇಳದ ಮಾತುಗಳು ಅವು. "ಇವೆಲ್ಲ ಎಂದೂ ಹೇಳಿದ್ದಿಲ್ಲಲ್ರಿ" ಎಂದೆ. "ಒತ್ತಕ್ಷರ ರೂಢಿ ಆಗಲಿ ಅಂತ ಬರದೀನಿ" ಎಂದು ಆ ಕಡೆ ತಿರುಗಿ ಮಲಗಿದರು.

ಎಂಟು ತಿಂಗಳಿಗೆ ನಾನು ಟೈಪ್ ಮಾಡಿದ ಮೊದಲ ಅರ್ಜಿ ವಕೀಲರ ಕಚೇರಿಗೆ ಹೋಯಿತು. ತಪ್ಪು ಮೂರೇ. ಇವರು ಅದನ್ನು ಎಲ್ಲರಿಗೂ ಹೇಳಿದರು, ಡಯಾಲಿಸಿಸ್ ಮಾಡುವ ನರ್ಸಿಗೂ.

ಯಂತ್ರ ಕೊಂಡ ಹದಿನಾಲ್ಕನೆಯ ತಿಂಗಳು ಅವರು ಹೋದರು. ಬೆಳಿಗ್ಗೆ ಎಂದಿನಂತೆ ಬಸ್ಸಿನಲ್ಲಿ ಹೋದೆವು. ಯಂತ್ರಕ್ಕೆ ಜೋಡಿಸಿದ ಸ್ವಲ್ಪ ಹೊತ್ತಿಗೆ ಹೃದಯ ನಿಂತಿತು. ನಾನು ಹೊರಗಿನ ಬೆಂಚಿನಲ್ಲಿ ಅವರ ಚಪ್ಪಲಿ ಇಟ್ಟುಕೊಂಡು ಕೂತಿದ್ದೆ.

ಇಲ್ಲಿನವರು ಸುಡುತ್ತಾರೆ, ನಮ್ಮಲ್ಲಿ ಮಣ್ಣು ಕೊಡುತ್ತಾರೆ. ಭಾವ ಫೋನಿನಲ್ಲಿ ಒಂದೇ ಮಾತು ಹೇಳಿದರು: "ನಮ್ಮ ಹೊಲಕ್ಕ ತಂದುಬಿಡು ತಂಗಿ." ವಕೀಲರು ವಾಹನ ಗೊತ್ತು ಮಾಡಿದರು. ಹೊರಡುವಾಗ ಜಲಜಕ್ಕ ಒಂದು ಸೀರೆಯನ್ನು ಚೀಲದಲ್ಲಿ ಸುತ್ತಿಕೊಂಡು ಬಂದು ನನ್ನ ಪಕ್ಕ ಹತ್ತಿ ಕೂತರು. ಯಾರೂ ಕರೆದಿರಲಿಲ್ಲ. ಘಟ್ಟದ ಮೇಲೆ ಎಂದೂ ಕಾಲಿಡದವರು. ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ನಮ್ಮ ಊರಿನ ಎರೆ ಹೊಲಗಳು ಕಂಡಾಗ, "ಇಲ್ಲ್ ಕಣ್ಣಿಗ್ ಅಡ್ಡ ಎಂತದೂ ಇಲ್ಯಲೆ" ಎಂದರು. ನಮ್ಮ ಪದ್ಧತಿಯಂತೆ ಇವರನ್ನು ಕೂರಿಸಿಯೇ ಮಣ್ಣಿಗಿಟ್ಟಾಗ ಜಲಜಕ್ಕ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದರು. ಅವರ ಗಂಡನಿಗೆ ಇಷ್ಟೂ ಸಿಕ್ಕಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

ಭಾವ ನನ್ನನ್ನು ಅಲ್ಲೇ ಇರು ಎಂದರು. ಮನೆಯಿದೆ, ಹೊಲವಿದೆ, ನನ್ನವರೆಲ್ಲ ಅಲ್ಲಿದ್ದಾರೆ. ಒಂದು ತಿಂಗಳು ಇದ್ದೆ. ಎಲ್ಲರೂ ನನ್ನನ್ನು ನೋಡಿ ದನಿ ತಗ್ಗಿಸುತ್ತಿದ್ದರು. ಯಾರೂ ಕೆಲಸ ಹೇಳುತ್ತಿರಲಿಲ್ಲ. ಬರೇ ರೋಗಿ ಆಕ್ಕೀನಿ ಎಂದಿದ್ದ ಇವರ ಮಾತು ಅರ್ಥವಾಯಿತು. "ನನ್ನ ಕೆಲಸ ಅಲ್ಲೈತಿ ಭಾವ" ಎಂದು ಕಾಲಿಗೆ ಬಿದ್ದು ಬಸ್ಸು ಹತ್ತಿದೆ.

ಮತ್ತೆ ಎಂಟು ತಿಂಗಳಿಗೆ, ಮಳೆಗಾಲದ ನಡುವೆ, ಲ್ಯಾಪ್‌ಟಾಪ್ ಶುರುವಾಗಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಒಂದು ಸಾಲು ಬಂದು ನಿಲ್ಲುತ್ತಿತ್ತು. ವಾರಂಟಿ ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಉಳಿದಿತ್ತು. ಚೀಲದಲ್ಲಿಟ್ಟುಕೊಂಡು, ಮತ್ತೆ ಅದೇ ದಾರಿಯ ಬಸ್ಸು ಹತ್ತಿ ಉಡುಪಿಗೆ ಹೋದೆ. ಅವರಿಲ್ಲದೆ ಆ ದಾರಿಯಲ್ಲಿ ಅದೇ ಮೊದಲು.

ಸರ್ವಿಸ್ ಸೆಂಟರಿನ ಮೇಜಿನ ಹಿಂದಿದ್ದ ಹುಡುಗಿ ಕಾಗದ ನೋಡಿ, "ಇದು ಚನ್ನಬಸಪ್ಪ ಅವರ ಹೆಸರಿನಲ್ಲಿ ಉಂಟು. ಅವರೇ ಬಂದು ಸಹಿ ಹಾಕಬೇಕು" ಎಂದಳು. ನಾನು ಮರಣ ಪತ್ರದ ಪ್ರತಿ ಕೊಟ್ಟೆ. ಬ್ಯಾಂಕು, ಪಂಚಾಯಿತಿ ಎಂದು ಎಲ್ಲ ಕಡೆ ಕೊಟ್ಟು ರೂಢಿಯಾಗಿತ್ತು. ಆ ಹುಡುಗಿಗೆ ಮಾತ್ರ ರೂಢಿ ಇರಲಿಲ್ಲ. ಅವಳು ಎದ್ದು ನಿಂತುಬಿಟ್ಟಳು. "ಕೂತ್ಕೊಳ್ಳಿ ಅಮ್ಮ, ನಾನು ನೋಡ್ತೇನೆ" ಎಂದು ಒಳಗೆ ಹೋದಳು. ಒಂದು ತಾಸಿನ ಮೇಲೆ ಬಂದು ಹೇಳಿದಳು.

"ಹಾರ್ಡ್ ಡಿಸ್ಕ್ ಹೋಗಿದೆ ಅಮ್ಮ. ಹೊಸದು ಹಾಕಿ ಕೊಡ್ತಾರೆ, ನೀವು ಏನೂ ಕೊಡುವುದು ಬೇಡ. ಹಳೆಯದು ಕಂಪನಿಗೆ ವಾಪಸ್ ಹೋಗ್ತದೆ."

"ಅದರೊಳಗ ಇರೋದು?"

"ಅದು ವಾರಂಟಿಯಲ್ಲಿ ಬರುವುದಿಲ್ಲ. ನಮ್ಮವರು ತೆಗೆಯಲಿಕ್ಕೆ ನೋಡಿದ್ರು, ಆಗಲಿಲ್ಲ."

ವಕೀಲರ ಕೆಲಸವೆಲ್ಲ ಪೆನ್ ಡ್ರೈವಿನಲ್ಲಿ ಭದ್ರವಾಗಿತ್ತು. ಇವರು ನನಗೆ ಬರೆದ ಪಾಠದ ಸಾಲುಗಳು ಮಾತ್ರ ಎಲ್ಲಿಯೂ ಇರಲಿಲ್ಲ. ಅವನ್ನು ಕೆಲಸ ಎಂದು ನಾನು ಎಣಿಸಿಯೇ ಇರಲಿಲ್ಲ.

"ಹಳೆಯದನ್ನ ನಾನ ಇಟ್ಕೊಂಡರ?" ಎಂದು ಕೇಳಿದೆ.

"ಹಾಗಾದ್ರೆ ಹೊಸದು ಕೊಡಲಿಕ್ಕೆ ಆಗುವುದಿಲ್ಲ" ಎಂದಳು. ಅವಳ ಕಣ್ಣಿನಲ್ಲಿ ನೀರಿತ್ತು. "ಒಮ್ಮೆ ನೋಡ್ತೀರಾ?" ಎಂದು ಅದನ್ನು ತಂದು ನನ್ನ ಕೈಯಲ್ಲಿಟ್ಟಳು. ಚಿಕ್ಕ ಡೈರಿಯಷ್ಟು ದೊಡ್ಡದು, ತಣ್ಣಗಿತ್ತು. ಬಹಳ ಹೊತ್ತು ಹಿಡಿದು ಕೂತೆ. ಹದಿನೈದು ದಿನದೊಳಗೆ ಕೋರ್ಟಿಗೆ ಹೋಗಬೇಕಾದ ಎರಡು ಅರ್ಜಿ ಮನೆಯಲ್ಲಿ ಕಾಯುತ್ತಿದ್ದವು. ಅವರು ಇದ್ದಿದ್ದರೆ ಏನು ಹೇಳುತ್ತಿದ್ದರು ಎಂದು ಯೋಚಿಸಬೇಕಾಗಿರಲಿಲ್ಲ. ಕೊಟ್ಟುಬಿಟ್ಟೆ. ಸಹಿ ಹಾಕಿದೆ.

ವಾರದ ಮೇಲೆ ಸರಿಯಾದ ಯಂತ್ರ ತರುವಾಗ, ಸಾಸ್ತಾನದ ಹತ್ತಿರ ಇದ್ದಕ್ಕಿದ್ದಂತೆ ಸೀಟಿನಿಂದ ಎದ್ದು ನಿಂತೆ. ಇಳಿದು ಹಿಂದಕ್ಕೆ ಹೋಗಿ ಅದನ್ನು ಕೇಳಿ ತರಬೇಕು ಅನ್ನಿಸಿತು. ಕಂಡಕ್ಟರು, "ಇಲ್ಲ್ ಇಳಿತ್ರ್ಯಾ?" ಎಂದರು. ಇಲ್ಲ ಎಂದು ಕೂತೆ. ಮನೆಗೆ ಬಂದು ನೆನಪಿದ್ದಷ್ಟು ಸಾಲುಗಳನ್ನು ಟೈಪ್ ಮಾಡಿದೆ. ಹತ್ತು ಹತ್ತು ಸಲ ಹೊಡೆದ ಸಾಲುಗಳಲ್ಲವೇ, ಬೆರಳಿಗೆ ಬರುತ್ತವೆ ಎಂದುಕೊಂಡಿದ್ದೆ. ಹನ್ನೆರಡೋ ಹದಿಮೂರೋ ಸಿಕ್ಕಿದವು. ಉಳಿದವು ಹೋದವು.

ನಮ್ಮ ಕಡೆಯ ಯಾರಾದರೂ ಈಗ ಹೊಸ ಯಂತ್ರ ಕೊಂಡು, ಆ ಹೆಚ್ಚಿನ ವಾರಂಟಿ ತೆಗೆದುಕೊಳ್ಳಬೇಕೇ ಎಂದು ನನ್ನನ್ನು ಕೇಳಿದರೆ, ಕಾಗದ ಪೂರ್ತಿ ಓದಿಸಿ ಕೇಳಿರಿ ಎನ್ನುತ್ತೇನೆ. ಅದು ಕೊಟ್ಟ ಮಾತನ್ನು ನನ್ನ ಪಾಲಿಗೆ ಉಳಿಸಿಕೊಂಡಿತು. ನನ್ನ ಕೆಲಸ ಒಂದು ವಾರಕ್ಕಿಂತ ಹೆಚ್ಚು ನಿಲ್ಲಲಿಲ್ಲ. ಅದು ಕೊಡದ ಮಾತನ್ನು ನಾನೇ ಅದರ ಮೇಲೆ ಹೊರಿಸಿದ್ದೆ.

ಹೋದ ವರ್ಷ ಭಾವ ಹೊಲದಲ್ಲಿ ಇವರ ಸಮಾಧಿಯ ಮೇಲೆ ಗದ್ದುಗೆ ಕಟ್ಟಿಸಿದರು. ಕಲ್ಲು ಕೆತ್ತುವವನಿಗೆ ಅಕ್ಷರ ತಪ್ಪಬಾರದು, ನೀನೇ ಟೈಪ್ ಮಾಡಿ ಕಳಿಸು ಎಂದರು. ಹೆಸರು ಹೊಡೆದೆ. ತಂದೆಯ ಹೆಸರು, ಊರಿನ ಹೆಸರು, ತಾಲೂಕು ಹೊಡೆದೆ. ಆಮೇಲೆ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: 'ಕುಂದಾಪುರದಲ್ಲಿ ಟೈಪಿಸ್ಟ್ ಆಗಿದ್ದರು.'

ಕಾಗದ ಮುಟ್ಟಿದ ದಿನ ಭಾವ ಫೋನು ಮಾಡಿದರು. "ನಮ್ಮ ಹೊಲದಾಗ ಆ ಊರಿನ ಹೆಸರು ಯಾಕ ತಂಗಿ?"

"ಬದುಕಿದ್ದು ಇಲ್ಲೇ ಅಲ್ರಿ ಭಾವ" ಎಂದೆ.

ಆ ಕಡೆ ಗಾಳಿಯ ಸದ್ದು ಕೇಳುತ್ತಿತ್ತು. ಹೊಲದಲ್ಲೇ ನಿಂತು ಮಾತಾಡುತ್ತಿದ್ದರೋ ಏನೋ. ಕೊನೆಗೆ, "ಆಗಲಿ, ಕೆತ್ತಸ್ತೀನಿ" ಎಂದರು. ಫೋನಿಡುವ ಮೊದಲು, "ಅವನ ಬಾಜೂಕ ಒಂದು ಜಾಗ ಬಿಟ್ಟೀನಿ" ಎಂದರು.

ಯಾರಿಗೆ ಎಂದು ನಾನು ಕೇಳಲಿಲ್ಲ. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.